ಎಡದಿಂದ ಬಲಕ್ಕೆ ಹತ್ತುವ ಹುಡುಗಿ

ಬೆಳಗಿನ ಆರೂವರೆ. ಚಿತ್ರದುರ್ಗದ ಕೋಟೆಯೊಳಗೆ ಗೋಡೆಗೆ ಬೆನ್ನು ಹಚ್ಚಿ ಕ್ಯಾಮೆರಾದವನು ಕೂತಿದ್ದಾನೆ. ಬಂಡೆಗಳು ಇನ್ನೂ ತಣ್ಣಗಿವೆ. ಅಂಗೈ ಊರಿದರೆ ರಾತ್ರಿಯ ಚಳಿ ಹತ್ತುತ್ತದೆ. ಮೇಲೆ ಕೋತಿಗಳು ಎದ್ದಾಗಿದೆ. ‘ಆಕ್ಷನ್’ ಅಂದ ಕೂಡಲೇ ಎರಡು ಜಡೆಯ ಹುಡುಗಿಯೊಬ್ಬಳು ಫ್ರೇಮಿನ ಎಡಗಡೆಯಿಂದ ಬಂದು ಬಲಗಡೆಗೆ ದಾಟಿ ಹೋಗುತ್ತಾಳೆ. ಕಟ್. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ: ಎಡದಿಂದ ಬಲಕ್ಕೆ. ಡಬ್ಬಿ ಬಲಗೈಯಲ್ಲಿ. ಒಂದು ಜಡೆ ಮುಂದೆ, ಒಂದು ಹಿಂದೆ. ನೆರಳು ಉದ್ದ.

ಹತ್ತಾರು ಹೆಜ್ಜೆ ಹೋಗುವಷ್ಟರಲ್ಲಿ ದಾರಿ ತಿರುಗುತ್ತದೆ. ಏಳು ಸುತ್ತಿನ ಈ ಕೋಟೆಯಲ್ಲಿ ಒಂದು ಬಾಗಿಲ ನೇರಕ್ಕೆ ಇನ್ನೊಂದು ಬಾಗಿಲು ಕಾಣುವುದಿಲ್ಲ. ಬಾಗಿಲು ದಾಟಿದರೆ ಎದುರಿಗೆ ಗೋಡೆ. ಪಕ್ಕಕ್ಕೆ ಹೊರಳಿದರೆ ಇಕ್ಕಟ್ಟಾದ ಓಣಿ. ಅದರ ಕೊನೆಗೆ ಮತ್ತೊಂದು ತಿರುವು. ಕಟ್ಟಿದವರಿಗೆ ಬೇಕಾದದ್ದೂ ಅದೇ. ನುಗ್ಗಿ ಬಂದ ಸೈನ್ಯಕ್ಕೆ ಓಡುವ ಜಾಗ ಸಿಗಬಾರದು, ಬಾಗಿಲು ಒಡೆಯಲು ಆನೆಗೆ ವೇಗ ಸಿಗಬಾರದು, ಮೇಲೆ ನಿಂತವನಿಗೆ ಕೆಳಗಿರುವವನ ಮಗ್ಗುಲು ಕಾಣುತ್ತಿರಬೇಕು. ಬಂದವನಿಗೆ ದಿಕ್ಕು ತಪ್ಪಬೇಕು. ನಮ್ಮ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಈ ದಾರಿಯಲ್ಲೇ ಒಂದು ಮಗುವನ್ನು ನಡೆಸಬೇಕು, ನೋಡುವವರಿಗೆ ಒಂದು ಕ್ಷಣವೂ ದಿಕ್ಕು ತಪ್ಪಬಾರದು.

ತಿರುವಿನ ಆಚೆ ದಾರಿಯ ಇನ್ನೊಂದು ಮಗ್ಗುಲಲ್ಲಿ ಕ್ಯಾಮೆರಾ ಇಟ್ಟರೆ ಹುಡುಗಿ ಬಲದಿಂದ ಎಡಕ್ಕೆ ನಡೆಯುತ್ತಾಳೆ. ಎರಡು ಶಾಟ್ ಪಕ್ಕಪಕ್ಕ ಇಟ್ಟು ನೋಡಿ: ಹೊರಟವಳು ಏನೋ ಮರೆತು ಮನೆಗೆ ವಾಪಸ್ ಬಂದ ಹಾಗೆ ಕಾಣುತ್ತದೆ. ಸಿನಿಮಾದವರು ಇದನ್ನು ‘ಲೈನ್ ಕ್ರಾಸ್’ ಅನ್ನುತ್ತಾರೆ. ಪಾತ್ರ ನಡೆಯುವ ದಾರಿಯೇ ಒಂದು ಗೆರೆ. ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದ ಅರ್ಧ ವೃತ್ತದೊಳಗೆ, 180 ಡಿಗ್ರಿಯೊಳಗೆ, ಎಲ್ಲಿ ಬೇಕಾದರೂ ಕೂರಬಹುದು, ಆಚೆಗೆ ಹಾರುವಂತಿಲ್ಲ. ಆದರೆ ಇಲ್ಲಿ ಗೆರೆಯೇ ಮುರಿದು ಮುರಿದು ಹೋಗುತ್ತದೆ. ಹಾಗಾಗಿ ಪ್ರತಿ ತಿರುವಿನಲ್ಲೂ ಒಂದು ಶಾಟ್ ಬೇಕೇ ಬೇಕು: ಆಕೆ ಕ್ಯಾಮೆರಾದ ಕಡೆಗೆ ಬರುತ್ತಾಳೆ, ಕಣ್ಣೆದುರೇ ಹೊರಳುತ್ತಾಳೆ, ಬೆನ್ನು ತೋರಿಸಿ ಹೋಗುತ್ತಾಳೆ. ಹೊರಳಿದ್ದನ್ನು ಕಂಡವರಿಗೆ ಹೊಸ ದಿಕ್ಕು ತಾನಾಗಿ ಗೊತ್ತಾಗುತ್ತದೆ. ಕೋಟೆಯ ಪುರಾತತ್ವ ಇಲಾಖೆಯ ಕಾವಲುಗಾರರು ನಮ್ಮ ಅನುಮತಿ ಪತ್ರ ನೋಡಿ ಹೋದವರು, ನಾವು ಅದೇ ಮೂಲೆಯಲ್ಲಿ ಇನ್ನೂ ಕೂತಿರುವುದನ್ನು ಕಂಡು ನಕ್ಕು ಮುಂದೆ ಹೋದರು.

ಕಥೆ ಚಿಕ್ಕದು. ಹೊಳಲ್ಕೆರೆಯಲ್ಲಿ ಅವ್ವನ ಜೊತೆ ಇರುವ ಹುಡುಗಿ ರಜೆಯ ದಿನ ಬಸ್ಸು ಹತ್ತಿ, ಕೋಟೆಯ ಮೇಲೆ ಸೌತೆಕಾಯಿ ಮಾರುವ ಅಜ್ಜನಿಗೆ ಬುತ್ತಿ ತರುತ್ತಾಳೆ. ಅಷ್ಟೇ. ಎಂಟು ನಿಮಿಷ, ಒಂದೇ ಒಂದು ಮಾತು. ಕಂಟಿನ್ಯುಟಿ ಎಡಿಟಿಂಗ್ ಕಲಿಯಲು ಕೊಟ್ಟ ಪಾಠಕ್ಕೆ ಇಂಥದ್ದೇ ಬೇಕು ಅಂತ ನಾವು ಆರಿಸಿಕೊಂಡೆವು: ಒಂದು ನಡಿಗೆ, ಕೈಯಲ್ಲಿ ಒಂದು ವಸ್ತು, ಕೊನೆಗೆ ಒಂದು ಮುಖ. ಕಥೆಯಲ್ಲಿ ಡಬ್ಬಿಯೊಳಗೆ ಮುದ್ದೆ ಎಂದು ಬರೆದಿತ್ತು. ಅಜ್ಜನ ಪಾತ್ರ ಮಾಡುವವರ ಮನೆಯಾಕೆ ಓದಿಸಿ ಕೇಳಿದವರೇ, “ಬಸ್ಸಿನಾಗೆ ಹೋಗಿ, ಗುಡ್ಡ ಹತ್ತೋ ಹೊತ್ಗೆ ಮುದ್ದೆ ಆರಿ ಗಂಟಲಾಗೆ ಇಳಿಯಲ್ಲ ಕಣಪ್ಪ. ರೊಟ್ಟಿ, ಶೇಂಗಾ ಚಟ್ನಿ ಕಟ್ರಿ” ಎಂದರು. ಸಿನಿಮಾದಲ್ಲಿ ಡಬ್ಬಿ ತೆರೆಯುವುದು ಒಂದೇ ಸಲ, ಅದೂ ಕೊನೆಗೆ. ಆದರೂ ಬದಲಾಯಿಸಿದೆವು. ಬುತ್ತಿ ಕಟ್ಟುವವರ ಮಾತಿಗಿಂತ ದೊಡ್ಡ ಕಂಟಿನ್ಯುಟಿ ಶೀಟ್ ನಮ್ಮ ಹತ್ತಿರ ಇರಲಿಲ್ಲ.

ಬಿಸಿಲು ಏರುವ ಮೊದಲು ಒನಕೆ ಓಬವ್ವನ ಕಿಂಡಿಗೆ ಬರುತ್ತೇವೆ. ಬಂಡೆಗಳ ನಡುವೆ ಒಬ್ಬರು ಮೈ ಮುದುರಿಕೊಂಡು ನುಸುಳುವಷ್ಟೇ ಸಂದು. ಗಂಡ ಊಟಕ್ಕೆ ಕೂತಾಗ ನೀರಿಗೆ ಹೋದವಳು ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡು ಒನಕೆ ಎತ್ತಿದ ಜಾಗ ಇದೇ ಎಂದು ದುರ್ಗದ ಮಕ್ಕಳಿಗೆಲ್ಲ ಗೊತ್ತು. ಕರ್ನಾಟಕದ ಉಳಿದವರ ಕಣ್ಣಿಗೆ ಇದನ್ನು ಕೂರಿಸಿದ್ದು ‘ನಾಗರಹಾವು’, ತರಾಸು ಕಾದಂಬರಿಗಳನ್ನು ಇಟ್ಟುಕೊಂಡು ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಚಿತ್ರ. ಜಯಂತಿಯವರ ಓಬವ್ವ ಒನಕೆ ಹಿಡಿದು ನಿಂತದ್ದನ್ನು ನೋಡಿದ ಮೇಲೆ ಈ ಸಂದನ್ನು ಬರೀ ಸಂದಾಗಿ ನೋಡಲು ಆಗುವುದಿಲ್ಲ.

ಸಂಕಲನ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ತರಗತಿ ಕೋಣೆ ನಾನು ಕಂಡಿಲ್ಲ. ಕಿಂಡಿಗೆ ಎರಡು ಬದಿ. ಹೊರಗಿನಿಂದ ನೋಡಿದರೆ ಒಬ್ಬರು ಬಗ್ಗಿ ಮಾಯವಾಗುತ್ತಾರೆ. ಒಳಗಿನಿಂದ ನೋಡಿದರೆ ಕತ್ತಲೆಯಿಂದ ಒಂದು ತಲೆ ಹೊರಬರುತ್ತದೆ. ಎರಡನ್ನೂ ಒಟ್ಟಿಗೆ ಯಾವ ಮನುಷ್ಯನೂ ನೋಡಲಾರ, ಸಿನಿಮಾ ನೋಡಬಲ್ಲದು. ಆದರೆ ಸಿನಿಮಾಕ್ಕೂ ಇದು ಹುಟ್ಟಿದಾಗಲೇ ಬಂದ ವಿದ್ಯೆಯಲ್ಲ. ಅಮೆರಿಕದ ಎಡ್ವಿನ್ ಪೋರ್ಟರ್ 1903ರಲ್ಲಿ ಅಗ್ನಿಶಾಮಕದವರ ಮೇಲೆ ಒಂದು ಚಿತ್ರ ಮಾಡಿದ. ಉರಿಯುವ ಮನೆಯಿಂದ ತಾಯಿಯನ್ನೂ ಮಗುವನ್ನೂ ಉಳಿಸುವುದನ್ನು ಮೊದಲು ಕೋಣೆಯ ಒಳಗಿನಿಂದ ಪೂರ್ತಿ ತೋರಿಸಿದ. ಆಮೇಲೆ ಅದನ್ನೇ ಹೊರಗಿನಿಂದ ಮತ್ತೆ ಪೂರ್ತಿ ತೋರಿಸಿದ. ಒಳಗಿನ ಹೆಜ್ಜೆಗೆ ಹೊರಗಿನ ಹೆಜ್ಜೆ ಹೊಲಿಯುವುದು ಆಗಿನ್ನೂ ರೂಢಿಯಾಗಿರಲಿಲ್ಲ. ನಾವು ಮೊದಲು ಹೊರಗೆ ಕೂತು ಆಕೆ ಬಗ್ಗಿ ನುಸುಳುವುದನ್ನು ಪೂರ್ತಿ ತೆಗೆದೆವು. ಆಮೇಲೆ ಒಳಗೆ ಹೋಗಿ ಅದೇ ನುಸುಳುವಿಕೆಯನ್ನು ಮತ್ತೆ ಪೂರ್ತಿ. ಪೋರ್ಟರ್ ಮಾಡಿದ್ದೇ. ವ್ಯತ್ಯಾಸ ಇರುವುದು ಮುಂದೆ, ಟೇಬಲ್ಲಿನ ಮೇಲೆ, ಎಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತೇವೆ ಎಂಬುದರಲ್ಲಿ.

ಸಂದಿನಲ್ಲಿ ಡಬ್ಬಿ ಕಲ್ಲಿಗೆ ತಾಗಿ ಟಣ್ ಎನ್ನುತ್ತದೆ. ಆ ಸದ್ದೇ ನಮ್ಮ ಕತ್ತರಿ ಬೀಳುವ ಜಾಗ.

ಮೇಲೆ, ಏಕನಾಥೇಶ್ವರಿ ಗುಡಿಯ ಆಸುಪಾಸಿನ ಬಂಡೆ ನೆರಳಲ್ಲಿ, ಅಜ್ಜ ಬುಟ್ಟಿ ಇಟ್ಟುಕೊಂಡು ಕೂತಿದ್ದಾರೆ. ಹೊಸದುರ್ಗ ತಾಲ್ಲೂಕಿನವರು, ಸಾಣೇಹಳ್ಳಿಯ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕೂತು ವರ್ಷಗಟ್ಟಲೆ ನಾಟಕ ನೋಡಿದವರು, ಊರಿನ ನಾಟಕಗಳಲ್ಲಿ ಬಣ್ಣ ಹಚ್ಚಿದವರು. ಕ್ಯಾಮೆರಾ ಮುಂದೆ ಇದೇ ಮೊದಲು. ಕೂತವರು ಒಂದೇ ಪ್ರಶ್ನೆ ಕೇಳಿದರು: “ಜನ ಎಲ್ಲಿ ಕೂತವ್ರೆ ಅನ್ನೋದು ತೋರಿಸ್ರಪ್ಪ. ಆ ಕಡೀಕೆ ಬೆನ್ನು ಹಾಕಲ್ಲ.” ಕ್ಯಾಮೆರಾದವನು ಕೈಚಾಚಿ ಒಂದು ಗೆರೆ ಎಳೆದು ತೋರಿಸಿದ. “ಹಂಗಾದ್ರೆ ಕೂಸು ಬರೋದು ನನ್ನ ಬಲಕ್ಕೆ. ನಾನು ಅತ್ತ ನೋಡ್ತೀನಿ. ನೀವು ಎಲ್ಲಿಗೆ ಎದ್ದು ಹೋದ್ರೂ ನಾನು ಅತ್ತಲೇ ನೋಡ್ತಿರ್ತೀನಿ.”

ನಮಗೆ ಪುಸ್ತಕದಿಂದ ಬಂದದ್ದು ಅವರಿಗೆ ರಂಗದಿಂದ ಬಂದಿತ್ತು. ರಂಗದ ಮೇಲೆ ಪ್ರೇಕ್ಷಕರಿಗೆ ಒಂದೇ ಮಗ್ಗುಲು. ರಾಜ ಬಲಗಡೆಯಿಂದ ಬಂದರೆ ಊರು ಬಲಗಡೆ ಇದೆ ಎಂದು ಸಾವಿರ ಜನ ಒಟ್ಟಿಗೆ ಒಪ್ಪುತ್ತಾರೆ. ಕಂಟಿನ್ಯುಟಿ ಎಡಿಟಿಂಗ್ ಮಾಡುವುದು ಅದನ್ನೇ, ಪ್ರೇಕ್ಷಕರನ್ನು ಎಬ್ಬಿಸಿ ಹತ್ತಿರಕ್ಕೆ, ದೂರಕ್ಕೆ, ಹೆಗಲ ಹಿಂದಕ್ಕೆ ಕರೆದೊಯ್ದರೂ ರಂಗದ ಎಡ ಎಡವಾಗಿ, ಬಲ ಬಲವಾಗಿ ಉಳಿಯುವಂತೆ ನೋಡಿಕೊಳ್ಳುವುದು. ಹುಡುಗಿಯ ಕ್ಲೋಸಪ್ಪಿನಲ್ಲಿ ಆಕೆಯ ಲುಕ್ ಬಲಕ್ಕೆ. ಅಜ್ಜನ ಕ್ಲೋಸಪ್ಪಿನಲ್ಲಿ ಲುಕ್ ಎಡಕ್ಕೆ. ಅವರನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆದದ್ದು. ಅಜ್ಜ ನೋಡಿ ನಕ್ಕದ್ದು ಎದುರಿಗಿದ್ದ ಒಂದು ಪಾಪಾಸುಕಳ್ಳಿಯನ್ನು. ಪರದೆಯ ಮೇಲೆ ಮಾತ್ರ ಮೊಮ್ಮಗಳ ಮುಖ ಕಂಡು ಹಿಗ್ಗಿದ ಅಜ್ಜ.

ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ಕಾಡಿದ್ದು ದೂರದ ಗಾಳಿಯಂತ್ರಗಳು. ಅಜ್ಜನ ಬೆನ್ನ ಹಿಂದಿನ ಗುಡ್ಡದ ಸಾಲಿನಲ್ಲಿ ಅವು ಬಿಳಿಯಾಗಿ ನಿಂತಿರುತ್ತವೆ. ಒಂದು ಟೇಕಿನಲ್ಲಿ ರೆಕ್ಕೆಗಳು ಜೋರಾಗಿ ತಿರುಗುತ್ತವೆ, ಇನ್ನೊಂದರಲ್ಲಿ ಗಾಳಿ ಬಿದ್ದು ಹಾಗೇ ನಿಂತುಬಿಡುತ್ತವೆ. ಕೈ, ಕಾಲು, ಡಬ್ಬಿ ಎಲ್ಲ ಸರಿ ಹೊಂದಿದರೂ ಹಿಂದಿನ ಗುಡ್ಡ ಒಂದು ಕಟ್ಟಿಗೆ ಓಡುತ್ತದೆ, ಮುಂದಿನ ಕಟ್ಟಿಗೆ ನಿಲ್ಲುತ್ತದೆ. ಗಾಳಿಗೆ ‘ಒನ್ಸ್ ಮೋರ್’ ಹೇಳುವಂತಿಲ್ಲ. ಕಾಯುತ್ತೇವೆ. ನೆರಳು ಬುಡಕ್ಕೆ ಬಂದಿರುತ್ತದೆ, ಆಗ ನೆರಳಿಗಾಗಿ ಕಾಯುತ್ತೇವೆ.

ಹೊಳಲ್ಕೆರೆಯಲ್ಲಿ ಸಿಕ್ಕಿದ್ದು ಇನ್ನೊಂದು ಬಗೆಯ ಗೆರೆ. ಬಸ್ಸು ಹತ್ತುವ ಮೊದಲು ಹುಡುಗಿ ಗಣಪತಿಗೆ ಒಂದು ಸುತ್ತು ಬರುತ್ತಾಳೆ. ಬಯಲಲ್ಲಿ, ಆಕಾಶಕ್ಕೆ ತೆರೆದುಕೊಂಡು ಕೂತ ದೊಡ್ಡ ಮೂರ್ತಿ. ಮುಂದೆ ಸೊಂಡಿಲು, ಹಿಂದಕ್ಕೆ ಹೋದರೆ ಬೆನ್ನ ಮೇಲೆ ಇಳಿಬಿದ್ದ ಜಡೆ. ಪ್ರದಕ್ಷಿಣೆ ಬರುವವಳು ಎದುರಿಗೆ ಒಂದು ದಿಕ್ಕಿಗೆ ಹೋದರೆ ಹಿಂಬದಿಯಲ್ಲಿ ಅದರ ಎದುರು ದಿಕ್ಕಿಗೆ ಹೋಗಲೇಬೇಕು. ನಿಯಮದ ಪ್ರಕಾರ ಪ್ರತಿ ಪ್ರದಕ್ಷಿಣೆಯೂ ಲೈನ್ ಕ್ರಾಸ್! ಆದರೆ ಸುತ್ತು ಬರುವವರಿಗೆ ದಿಕ್ಕು ತಪ್ಪಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ, ಯಾಕೆಂದರೆ ನಡುವೆ ದೇವರಿದ್ದಾನೆ, ಸದಾ ಬಲಗೈ ಕಡೆಗೆ. ನಾವೂ ಅದನ್ನೇ ಹಿಡಿದೆವು. ಕ್ಯಾಮೆರಾ ಹುಡುಗಿಯ ಎಡ ಹೆಗಲ ಹಿಂದೆ ನಡೆಯುತ್ತದೆ, ಮೂರ್ತಿ ಫ್ರೇಮಿನ ಬಲಗಡೆ ಬಿಟ್ಟು ಕದಲುವುದಿಲ್ಲ. ಆಕೆಯ ಜಡೆ, ಮೂರ್ತಿಯ ಜಡೆ ಒಂದೇ ಫ್ರೇಮಿಗೆ ಬಂದ ಕ್ಷಣದಲ್ಲಿ ಹಿಂದೆ ನಿಂತಿದ್ದ ನಮ್ಮವಳೊಬ್ಬಳು ಸದ್ದಿಲ್ಲದೆ ನನ್ನ ತೋಳು ಹಿಂಡಿದಳು. ಆ ಶಾಟಿಗೆ ಎಲ್ಲೂ ಕತ್ತರಿ ಹಾಕಿಲ್ಲ.

ಈಗ ರಾತ್ರಿ, ಎಡಿಟಿಂಗ್ ಟೇಬಲ್. ಲ್ಯಾಪ್‌ಟಾಪಿನ ಫ್ಯಾನ್ ಗುಂಯ್‌ಗುಡುತ್ತಿದೆ. ಹುಡುಗಿ ಮನೆಯ ಹೊಸ್ತಿಲು ದಾಟುವ ಜಾಗದಲ್ಲಿ ಕೂತಿದ್ದೇನೆ. ಒಳಗಿನ ಶಾಟ್ ಹೊಸದುರ್ಗದ ಕಡೆಯದು, ಅಜ್ಜನ ಸ್ವಂತ ಮಾಳಿಗೆ ಮನೆ: ಜಂತಿಯ ಕೆಳಗಿನ ಕತ್ತಲೆ, ಅರಿಸಿನ ಬಳಿದ ಹೊಸ್ತಿಲು, ಅದರ ಮೇಲೆ ಎತ್ತಿದ ಪಾದ. ಹೊರಗಿನ ಶಾಟ್ ಹೊಳಲ್ಕೆರೆಯ ಬೀದಿ: ಬಿಸಿಲಿಗೆ ಇಳಿಯುವ ಅದೇ ಪಾದ. ಒಂದು ಹೆಜ್ಜೆಯೊಳಗೆ ಎರಡು ತಾಲ್ಲೂಕು. ಪಾದ ನೆಲ ಮುಟ್ಟಿದ ಮೇಲೆ ಕತ್ತರಿಸಿದರೆ ಎರಡು ಚಿತ್ರ ಎರಡಾಗಿಯೇ ಕಾಣುತ್ತವೆ. ಗಾಳಿಯಲ್ಲಿರುವಾಗ ಕತ್ತರಿಸಿದರೆ ಕಣ್ಣು ಪಾದದ ಹಿಂದೆ ಓಡುತ್ತದೆ, ಗೋಡೆ ಬದಲಾದದ್ದನ್ನು ನೋಡಲು ಅದಕ್ಕೆ ಪುರುಸೊತ್ತಿಲ್ಲ. ಹಿಮ್ಮಡಿ ಎದ್ದು, ಬೆರಳು ಹೊಸ್ತಿಲ ಅಂಚು ದಾಟುವ ಫ್ರೇಮಿಗೆ ನಿಲ್ಲಿಸುತ್ತೇನೆ. ಹೊರಗಿನ ಶಾಟನ್ನು ಅದಕ್ಕಿಂತ ಎರಡು ಫ್ರೇಮ್ ಹಿಂದಿನಿಂದ ಶುರುಮಾಡುತ್ತೇನೆ. ಲೆಕ್ಕದ ಪ್ರಕಾರ ಚಲನೆ ಒಂಚೂರು ಮರುಕಳಿಸಿತು. ಕಣ್ಣಿಗೆ ಮಾತ್ರ ಈಗ ಸರಾಗ. ಇನ್ನೂ ಸಣ್ಣ ಜರ್ಕ್ ಉಳಿದಿದೆ. ಬೀದಿಯ ಸದ್ದನ್ನು, ಒಂದು ಸೈಕಲ್ ಬೆಲ್ಲು, ಕೋಳಿಯ ಕೂಗು, ಮನೆಯೊಳಗಿನ ಶಾಟಿಗೇ ಎಳೆದು ತರುತ್ತೇನೆ. ಕಿವಿ ಮೊದಲು ಹೊರಗೆ ಹೋಯಿತು, ಕಣ್ಣು ಹಿಂಬಾಲಿಸಿತು. ಜರ್ಕ್ ಹೋಯಿತು.

ಜಗಳವಾದದ್ದು ಕೊನೆಯ ಕಟ್ಟಿಗೆ. ಅಜ್ಜ ರೊಟ್ಟಿ ಮುರಿದು ದೂರಕ್ಕೆ ನೋಡುತ್ತಾರೆ. ಏನು ಕಾಣಬೇಕು? ನಮ್ಮಲ್ಲೊಬ್ಬ ಹಿರಿಯೂರಿನವನು. ವಾಣಿವಿಲಾಸ ಸಾಗರದ, ಅಂದರೆ ಮಾರಿಕಣಿವೆಯ, ಶಾಟುಗಳು ಅವನ ಹತ್ತಿರ ಇದ್ದವು: ಬೆಟ್ಟಗಳ ನಡುವೆ ನೀಲಿ ನೀರು, ಕೋಡಿಯ ಮೇಲೆ ಹರಿದು ಬೀಳುವ ಬಿಳಿ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ 1933ರ ಮೇಲೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು, 89 ವರ್ಷ. ಅಜ್ಜ ನೋಡಿದರು, ನೀರು ಕಂಡಿತು; ಇದಕ್ಕಿಂತ ಚೆಂದದ ಮುಗಿತಾಯ ಎಲ್ಲಿ ಸಿಗುತ್ತದೆ ಎಂದು ಅವನ ವಾದ. ಶಾಸ್ತ್ರವೂ ಅವನ ಪರ. ರಷ್ಯಾದ ಕುಲೆಶೋವ್ 1920ರ ಆಸುಪಾಸಿನಲ್ಲಿ ಮಾಸ್ಕೋದ ಬೇರೆ ಬೇರೆ ಬೀದಿಗಳಲ್ಲಿ ನಡೆಯುವ ಗಂಡು ಹೆಣ್ಣನ್ನು ಒಂದೆಡೆ ಭೇಟಿ ಮಾಡಿಸಿ, ಅವರು ನೋಡುವ ಕಟ್ಟಡವಾಗಿ ಅಮೆರಿಕದ ಶ್ವೇತಭವನವನ್ನು ಜೋಡಿಸಿದ್ದ. ಪರದೆಯ ಮೇಲೆ ಮಾಸ್ಕೋದಲ್ಲೇ ಶ್ವೇತಭವನ.

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಹೊಸ್ತಿಲು ಯಾರ ಮನೆಯದಾದರೂ ಆಗಬಹುದು. ದುರ್ಗದ ಬಂಡೆಯ ಮೇಲೆ ಕೂತವನಿಗೆ ಏನು ಕಾಣುತ್ತದೆ ಎಂಬುದು ಹಾಗಲ್ಲ; ಅದು ಇಲ್ಲಿನ ಜನ ಚಿಕ್ಕಂದಿನಿಂದ ಹತ್ತಿ ಇಳಿದು ಕಾಲಿನಲ್ಲಿ ಬರೆದುಕೊಂಡ ನಕ್ಷೆ. ಮಾರಿಕಣಿವೆಯ ನೀರು ಅಲ್ಲಿಂದ ಕಾಣುವುದಿಲ್ಲ. ಬೆಂಗಳೂರಿನ ಪ್ರೇಕ್ಷಕ ನಂಬುತ್ತಾನೆ, ಕೋಟೆಯ ಬುಡದ ಬೀದಿಯವನು ಅಲ್ಲೇ ಕಳಚಿಕೊಳ್ಳುತ್ತಾನೆ. ಅವನಿಗೆ ಕೊಡದ ನಿರಂತರತೆಯನ್ನು ದೂರದವನಿಗೆ ಕೊಟ್ಟು ಏನು ಪ್ರಯೋಜನ? ಕೋಟೆಯೊಳಗೂ ಇದೇ ಕಾರಣಕ್ಕೆ ಬಾಗಿಲುಗಳನ್ನು ಇರುವ ಕ್ರಮದಲ್ಲೇ ಇಟ್ಟಿದ್ದೆವು, ನೋಟ ಚೆನ್ನಾಗಿದೆ ಎಂದು ಮೇಲಿನದನ್ನು ಕೆಳಗೆ ತಂದಿರಲಿಲ್ಲ.

ನೀರನ್ನು ಬಿಡಲಿಲ್ಲ, ಕರೆತರುವ ದಾರಿ ಬದಲಾಯಿತು. ಅಜ್ಜ ದೂರ ನೋಡುವುದನ್ನು ತೆಗೆದು, ಮೊಮ್ಮಗಳ ಕಡೆ ತಿರುಗಿ ಕೇಳುವ ಮಾತನ್ನು ಇಟ್ಟೆವು, ಚಿತ್ರದ ಒಂದೇ ಮಾತು: “ಮಾರಿಕಣಿವೆ ಕೋಡಿ ಬಿದ್ದಾಗ ನೀನಿನ್ನೂ ಸಣ್ಣಾಕಿ, ನೆನಪೈತಾ ಕೂಸೇ?” ಅವರ ದನಿ ನಡೆಯುತ್ತಿರುವಾಗಲೇ ನೀರು ಬರುತ್ತದೆ. ಕಣ್ಣಿಗೆ ಕಂಡದ್ದಾಗಿ ಅಲ್ಲ, ನೆನೆದದ್ದಾಗಿ. ಹಿರಿಯೂರಿನವನು ಎರಡು ಸಲ ಓಡಿಸಿ ನೋಡಿ, ದನಿಯನ್ನು ಇನ್ನರ್ಧ ಸೆಕೆಂಡ್ ಮುಂಚೆ ಶುರುಮಾಡು ಎಂದ. ಅವನು ಹೇಳಿದ್ದು ಸರಿಯಿತ್ತು.

ಮೊದಲು ತೋರಿಸಿದ್ದು ಅಜ್ಜನ ಮನೆಯಲ್ಲೇ, ಪಡಸಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ. ಅಕ್ಕಪಕ್ಕದವರೂ ಬಂದು ಕೂತರು. ನಾನು ಅಷ್ಟು ಹೊತ್ತು ಕೂತು ಹೊಲಿದ ಹೊಸ್ತಿಲಿನಲ್ಲಿ ಇಡೀ ಪಡಸಾಲೆ ಒಟ್ಟಿಗೆ ಬಾಯಿ ತೆರೆಯಿತು: “ಅಯ್ಯೋ, ನಮ್ಮ ಬಾಗ್ಲು! ಬೀದಿ ಮಾತ್ರ ನಮ್ದಲ್ಲ!” ಕಿಂಡಿಯಲ್ಲಿ ಯಾರೂ ಉಸಿರೆತ್ತಲಿಲ್ಲ, ಬಾಗಿಲುಗಳ ತಿರುವಿನಲ್ಲಿ ಎಲ್ಲರೂ ಹುಡುಗಿಯ ಹಿಂದೆಯೇ ಹತ್ತಿದರು. ಮುಗಿದ ಮೇಲೆ, ರೊಟ್ಟಿ ಕಟ್ಟಲು ಹೇಳಿದ ಆ ತಾಯಿಗೆ ಹೇಳಿದೆ: ದುರ್ಗದಲ್ಲಿ ತೋರಿಸುವಾಗ ಈ ಬಾಗಿಲು ಯಾರಿಗೂ ಗೊತ್ತಾಗಲ್ಲ ಅಮ್ಮಾ, ಅವರು ನೋಡೋದು ಕೋಟೆಯನ್ನು.

“ಹಂಗಾದ್ರೆ ಅಲ್ಲಿಗೂ ನನ್ನ ಕರ್ಕಂಡು ಹೋಗ್ರಪ್ಪ,” ಅಂದರು. “ಅವ್ರು ಎಲ್ಲಿ ಬಾಯಿ ಬಿಡ್ತಾರೆ ನಾನೂ ನೋಡ್ಬೇಕು.”