ಬ್ಯಾಂಡ್‌ಸೆಟ್ ಮಾವ, ಟೋಕಿಯೊ ಟ್ರಂಪೆಟ್ (ಭಾಗ 3)

ಪಿರಿಯಾಪಟ್ಟಣ ಕಡೆ ಮದುವೆ ಮೆರವಣಿಗೇಲಿ ಟ್ರಂಪೆಟ್ ಊದೋರಲ್ಲಿ ಒಬ್ರು ನಮ್ಮ ಸೋದರಮಾವ. ಪಿಯುಸಿಲಿ ಒಂದಿನ ಫ್ರೆಂಡ್ಸ್ ಜೊತೆ ಹೋಗ್ತಿದ್ದಾಗ ನನ್ನ ನೋಡಿ ಕೈ ಎತ್ತಿದ್ರು. ನಾನು ನೋಡದ ಹಾಗೆ ಹೋಗ್ಬಿಟ್ಟೆ.

ಈಗ ಹುಣಸೂರು ಬಸ್ಸಲ್ಲಿ ದಿನಾ ಕೇಳೋದು ಟೋಕಿಯೊ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ! ಸೂಟ್ ಹಾಕ್ಕೊಂಡು ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್ ಊದೋ ಜಪಾನಿನ ತಂಡ. ಸ್ಕಾ ಹುಟ್ಟಿದ್ದು ಜಮೈಕಾದಲ್ಲಿ. ಒಂದು, ಎರಡು ಅಂತ ಎಣಿಸ್ತಾ ಕೇಳಿ: ಗಿಟಾರ್ ಎಣಿಕೆ ಮೇಲೆ ಬೀಳಲ್ಲ, ನಡುವಿನ ಸಂದೀಲಿ ‘ಚಕ್’ ಅನ್ನುತ್ತೆ. ಕಾಲು ಸುಮ್ನಿರಲ್ಲ ಗುರೂ. 1995ರಲ್ಲಿ ಶುರುವಾದ ಕೆಮುರಿ ತಂಡ ಇದಕ್ಕೇ ಪಂಕ್ ಸ್ಪೀಡ್ ಸೇರಿಸ್ತು.

ಮೊನ್ನೆ ಮಾವನಿಗೆ ಒಂದು ಇಯರ್‌ಫೋನ್ ಕೊಟ್ಟೆ. ಗಾಳೀಲೇ ಮೂರು ಬೆರಳಾಡಿಸ್ತಾ ಕೇಳಿದ್ರು. “ಇವ್ರಿಗೆ ಮದುವೆ ಸೀಸನ್ ಯಾವಾಗಂತೆ?” ಅಂದ್ರು. ನಕ್ಕೆ. ಆ ದಿನ ಅವರಿಗೂ ನೆನಪಿದೆಯಾ ಅಂತ ಮಾತ್ರ ಕೇಳೋಕಾಗ್ಲಿಲ್ಲ.