ದೀಪದ ಊರಿನಲ್ಲಿ ನಮ್ಮವರ ಅಡುಗೆಮನೆ

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಎಡಿಸನ್ ಎಂಬ ಊರಿದೆ. ವಿದ್ಯುದ್ದೀಪವನ್ನು ಜನಬಳಕೆಗೆ ತಂದ ಥಾಮಸ್ ಆಲ್ವಾ ಎಡಿಸನ್ನರ ಪ್ರಯೋಗಶಾಲೆ ಇದ್ದುದು ಈ ಊರಿನ ಮೆನ್ಲೊ ಪಾರ್ಕಿನಲ್ಲಿಯೇ. 1879ರಲ್ಲಿ ಅಲ್ಲಿ ಅವರ ದೀಪ ಬೆಳಗಿತು. 1954ರಲ್ಲಿ ಊರು ಅವರ ಹೆಸರನ್ನು ಧರಿಸಿತು. ಆ ಸ್ಥಳದಲ್ಲಿರುವ ಸ್ಮಾರಕ ಗೋಪುರದ ಶಿಖರದಲ್ಲಿ ಕಲಶದಂತೆ ಗಾಜಿನ ಬೃಹತ್ ದೀಪವೊಂದಿದೆ. ಸಮೀಪದ ಓಕ್ ಟ್ರೀ ರಸ್ತೆಯ ಇಕ್ಕೆಲಗಳಲ್ಲಿ ಭಾರತೀಯರ ಅಂಗಡಿಗಳು. ಅಲ್ಲಿ ಜೋಳದ ಹಿಟ್ಟೂ ದೊರೆಯುತ್ತದೆ.

ಈ ದೀಪಕ್ಕೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಎಡಿಸನ್ನರ ಕಂಪನಿಯೂ ಕೂಡಿಕೊಂಡು 1892ರಲ್ಲಿ ರೂಪುಗೊಂಡ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಯಂತ್ರಗಳೇ ನಮ್ಮ ಶಿವನಸಮುದ್ರದ ವಿದ್ಯುದಾಗಾರಕ್ಕೆ ಬಂದವು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಕಾವೇರಿಯ ವಿದ್ಯುತ್ತು ಹರಿಯಿತು.

ಆದರೆ ಎರಡು ದೇಶಗಳ ಮನೆಯ ವಿದ್ಯುತ್ತು ಒಂದೇ ಅಲ್ಲ. ಎಡಿಸನ್ನರು 1882ರಲ್ಲಿ ನ್ಯೂಯಾರ್ಕಿನ ಮನೆಗಳಿಗೆ ಕೊಟ್ಟದ್ದು ಸುಮಾರು 110 ವೋಲ್ಟಿನ ನೇರ ಪ್ರವಾಹ. ಮುಂದೆ ಪರ್ಯಾಯ ಪ್ರವಾಹ ಬಂದರೂ ವೋಲ್ಟಿನ ಮಟ್ಟ ಅದರ ಆಸುಪಾಸಿನಲ್ಲಿಯೇ ಉಳಿಯಿತು. ಇಂದು ಅಲ್ಲಿ 120 ವೋಲ್ಟ್, ಸೆಕೆಂಡಿಗೆ 60 ಆವರ್ತ. ನಮ್ಮಲ್ಲಿ 230 ವೋಲ್ಟ್, 50 ಆವರ್ತ.

ಮಗಳ ಸಂಸಾರಕ್ಕೆಂದು ತಾಯಿ ಇಲ್ಲಿಂದ ಮಿಕ್ಸರನ್ನು ಹೊತ್ತೊಯ್ಯುವುದುಂಟು. ಪಿನ್ನು ಬದಲಿಸುವ ಅಡಾಪ್ಟರು ಆಕಾರವನ್ನು ಮಾತ್ರ ಬದಲಿಸುತ್ತದೆ, ವೋಲ್ಟನ್ನಲ್ಲ. ಆದುದರಿಂದ ಮಿಕ್ಸರು ನಿತ್ರಾಣವಾಗಿ ತಿರುಗಿ, ಶೇಂಗಾ ಹಿಂಡಿ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿಯ ಮಿಕ್ಸರನ್ನು ಇಲ್ಲಿಗೆ ತಂದು ಹಚ್ಚಿದರಂತೂ ಸುಟ್ಟೇ ಹೋಗುತ್ತದೆ. ವೋಲ್ಟನ್ನು ಏರಿಸುವ ಟ್ರಾನ್ಸ್‌ಫಾರ್ಮರು ಇದಕ್ಕೆ ಪರಿಹಾರ. 750 ವಾಟಿನ ಮಿಕ್ಸರಿಗೆ 1500 ವಾಟಿನದು ಇರುವುದು ಲೇಸು. ಆದರೂ ಅದು ಆವರ್ತವನ್ನು ಬದಲಿಸಲಾರದು. ಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರು ಅಲ್ಲಿ ಸುಮಾರು ಐದರಲ್ಲೊಂದು ಪಾಲು ಹೆಚ್ಚು ವೇಗದಲ್ಲಿ ತಿರುಗುತ್ತದೆ. ಅಲ್ಲಿಯ ವಿದ್ಯುತ್ತಿಗೆಂದೇ ತಯಾರಾದ ಮಿಕ್ಸರು, ಗ್ರೈಂಡರುಗಳು ಅಲ್ಲಿಯೇ ದೊರೆಯುವುದರಿಂದ ಈ ಭಾರವನ್ನು ಹೊರದಿರುವುದೇ ಜಾಣತನ. ಮೊಬೈಲು, ಲ್ಯಾಪ್‌ಟಾಪುಗಳ ಚಾರ್ಜರಿನ ಮೇಲೆ '100-240' ಎಂದು ಬರೆದಿದ್ದರೆ ಎರಡೂ ಕಡೆ ನಿಶ್ಚಿಂತೆಯಿಂದ ಬಳಸಬಹುದು.

ಯಂತ್ರಕ್ಕಿಂತ ಮನುಷ್ಯರ ಚಿಂತೆ ದೊಡ್ಡದು. ಮಕ್ಕಳ ಮನೆಗೆ ಹೋದ ಹಿರಿಯರು ಹಗಲೆಲ್ಲ ಒಬ್ಬರೇ ಇರುತ್ತಾರೆ. ಅಲ್ಲಿ ಗುಂಡಿ ಮೇಲಕ್ಕೆತ್ತಿದರೆ ದೀಪ ಹತ್ತುತ್ತದೆ, ಕೆಳಕ್ಕೊತ್ತಿದರೆ ಆರುತ್ತದೆ. ಗೋಡೆಯ ಸಾಕೆಟ್ಟಿಗೆ ನಮ್ಮಲ್ಲಿರುವಂತೆ ಬೇರೆ ಸ್ವಿಚ್ಚು ಸಾಮಾನ್ಯವಾಗಿ ಇರುವುದಿಲ್ಲ. ವಿದ್ಯುತ್ತಿನ ಒಲೆಯಲ್ಲಿ ಜ್ವಾಲೆ ಕಾಣದು, ಆರಿಸಿದ ಮೇಲೂ ಅದರ ಗಾಜು ಕೈ ಸುಡುವಷ್ಟು ಕಾದಿರುತ್ತದೆ. ನೀರಿನ ಬಳಿಯ ಸಾಕೆಟ್ಟು ಅಪಾಯ ಕಂಡೊಡನೆ ತಾನಾಗಿ ಪ್ರವಾಹವನ್ನು ಕಡಿಯುತ್ತದೆ. ಕಾರಣ ತಿಳಿದ ಮೇಲೆ ಅದರ ಮೇಲಿನ ಗುಂಡಿಯನ್ನೊತ್ತಿದರೆ ಮತ್ತೆ ಬರುತ್ತದೆ. ಪೂಜೆಯ ಧೂಪಕ್ಕೂ, ಒಗ್ಗರಣೆಗೂ ಹೊಗೆಯ ಗಂಟೆ ಕೂಗುತ್ತದೆ. ಇದಾವುದೂ ತಿಳಿಯದೆ, ಏನನ್ನೋ ಕೆಡಿಸಿಬಿಟ್ಟೆವೆಂಬ ಅಳುಕಿನಿಂದ ಬಿಸಿನೀರನ್ನೂ ಕಾಯಿಸಿಕೊಳ್ಳದೆ ಮಕ್ಕಳ ದಾರಿ ಕಾಯುತ್ತ ಕುಳಿತ ತಾಯಂದಿರನ್ನು ನಾವು ಕಂಡಿದ್ದೇವೆ. ಜೀವನವೆಲ್ಲ ದಾಸೋಹ ನಡೆಸಿದ ಕೈಗಳು ಸ್ವಂತ ಮಗನ ಅಡುಗೆಮನೆಯಲ್ಲಿ ಅಂಜುವುದು ತಕ್ಕುದಲ್ಲ.

ಆದಕಾರಣ ಅಲ್ಲಿರುವ ಮಕ್ಕಳಲ್ಲಿ ನಮ್ಮ ಬಿನ್ನಹವಿಷ್ಟೆ: ತಂದೆತಾಯಿಗಳು ಬಂದ ಮೊದಲ ದಿನವೇ ಕೈಹಿಡಿದು ಒಲೆ, ಸ್ವಿಚ್ಚು, ಗಂಟೆಗಳನ್ನು ತೋರಿಸಿರಿ, ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಿರಿ, ಧೂಪಕ್ಕೆ ಕಿಟಕಿಯ ಬಳಿ ಜಾಗ ಮಾಡಿಕೊಡಿರಿ. ಹೋಗುವ ಹಿರಿಯರೂ ಕೇಳಿ ಕಲಿಯಲು ಸಂಕೋಚಪಡಬಾರದು. ಪರದೇಶದ ವಿದ್ಯುತ್ತಿನ ಅಳತೆ ಬೇರೆಯಾದರೂ ಅರಿತು ಬಳಸಿದವರಿಗೆ ಅದೂ ಮನೆ ಬೆಳಗುತ್ತದೆ. ನಿತ್ಯದ ಪೂಜೆಯೂ ಪ್ರಸಾದವೂ ನಿಲ್ಲದೆ ಸಾಗುತ್ತವೆ.