ಪಡಸಾಲೆಯಲ್ಲೊಂದು ಕಡಲು

ಮಗನ ಹಟಕ್ಕೆ ಮಣಿದು ನಾವು ಪಡಸಾಲೆಯಲ್ಲಿ 200 ಲೀಟರಿನ ಉಪ್ಪುನೀರಿನ ಮೀನುತೊಟ್ಟಿಯನ್ನು ಇರಿಸಿದೆವು. ಸಿಹಿನೀರಿನ ಮೀನು ಸಾಕಿದ್ದ ನಮಗೆ ಇದೂ ಹಾಗೆಯೇ ಎನಿಸಿತ್ತು. ಉಪ್ಪು ಬೆರೆಸಿದ ಮೂರನೆಯ ದಿನವೇ ಎರಡು ಕ್ಲೌನ್ ಮೀನುಗಳನ್ನು ಬಿಟ್ಟೆವು. ವಾರ ತುಂಬುವುದರೊಳಗೆ ಎರಡೂ ಸತ್ತು ತೇಲಿದವು. ಮಗ ಆ ರಾತ್ರಿ ಊಟ ಮಾಡಲಿಲ್ಲ.

ನೀರು ತಿಳಿಯಾಗಿಯೇ ಇತ್ತು. ಕೊಂದದ್ದು ಕಣ್ಣಿಗೆ ಕಾಣದ ಅಮೋನಿಯಾ. ಮೀನಿನ ಮಲದಿಂದಲೂ ತಿಂದುಳಿದ ಆಹಾರದಿಂದಲೂ ಹುಟ್ಟುವ ಈ ವಿಷವನ್ನು ಒಂದು ಬಗೆಯ ಸೂಕ್ಷ್ಮಾಣುಗಳು ನೈಟ್ರೈಟನ್ನಾಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟು ಕೇಡಿಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಅವು ರಂಧ್ರಗಳುಳ್ಳ ಕಲ್ಲುಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ನಮ್ಮ ಮಟ್ಟಿಗೆ ನಿಜವಾದ ಶೋಧಕ ಆ ಕಲ್ಲೇ. ಯಂತ್ರಗಳು ಅದರ ಸಹಾಯಕರು.

ಅವುಗಳಲ್ಲಿ ಪ್ರೋಟೀನ್ ಸ್ಕಿಮ್ಮರ್ ಹಣಕ್ಕೆ ತಕ್ಕ ವಸ್ತು. ನೀರಿನಲ್ಲಿ ಕರಗಿದ ಕಲ್ಮಶವು ಸಣ್ಣ ಗಾಳಿಗುಳ್ಳೆಗಳಿಗೆ ಅಂಟಿ, ಅಮೋನಿಯಾ ಆಗುವ ಮೊದಲೇ ಕಂದು ನೊರೆಯಾಗಿ ಮೇಲಿನ ಬಟ್ಟಲಿಗೆ ಏರುತ್ತದೆ. ಅದನ್ನು ಕಂಡು ನಮ್ಮ ಮನೆಯವರು, ತವರಿನ ಆಲೆಮನೆಯಲ್ಲಿ ಕೊಪ್ಪರಿಗೆಯ ಮಡ್ಡಿ ತೆಗೆಯುವುದೂ ಹೀಗೆಯೇ ಎಂದರು. ನಾವು ಓದಿದ ಪುಸ್ತಕಗಳಿಗಿಂತ ಆ ಮಾತೇ ಸ್ಪಷ್ಟವಾಗಿತ್ತು!

ಉಪ್ಪಿನಂಶ ಸಾವಿರಕ್ಕೆ 35 ಪಾಲಿನಷ್ಟಿರಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಕಡಿಮೆಯಾದಷ್ಟಕ್ಕೆ ಶುದ್ಧ ಸಿಹಿನೀರನ್ನೇ ತುಂಬಬೇಕು. ವಿದ್ಯುತ್ ಹೋಗುವ ನಮ್ಮ ಊರುಗಳಲ್ಲಿ ಬ್ಯಾಟರಿಯ ಗಾಳಿಪಂಪೂ ಅವಶ್ಯ.

ಎರಡನೆಯ ಸಲ ಮೀನಿಲ್ಲದ ತೊಟ್ಟಿಗೆ ಚಿಟಿಕೆ ಆಹಾರ ಹಾಕುತ್ತ ಆರು ವಾರ ಕಾದೆವು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯೆಂದು ಕಂಡ ದಿನ, ಮಗನೇ ಒಂದು ಮೀನನ್ನು ಬಿಟ್ಟನು. ಈಗ ನಾಲ್ಕನೆಯ ತಿಂಗಳು ನಡೆದಿದೆ.